ಮುಚ್ಚಳಿಕೆ, ತೋಪು ಮತ್ತು ಯೂಸುಫ್ ಆದಿಲ್ ಖಾನ್

ಹಾಸ್ಟೆಲ್ ಸೇರುವಾಗ ನಾವೆಲ್ಲ ಒಂದು ಮುಚ್ಚಳಿಕೆ ಬರೆದುಕೊಟ್ಟವರೇ. ಗಲಾಟೆ ಮಾಡಲ್ಲ, ರ‍್ಯಾಗಿಂಗ್ ಮಾಡಲ್ಲ ಅಂತ. ಮುಚ್ಚಳಕ್ಕೂ ಮುಚ್ಚಳಿಕೆಗೂ ಏನೋ ನಂಟಿದೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗೇನಿಲ್ಲ. ಅದು ತುರ್ಕಿ ಕಡೆಯ 'ಮುಚಲ್ಕಾ'. ಪಾರಸಿ ಕಚೇರಿಗಳನ್ನು ಹಾದು ನಮ್ಮ ವಾರ್ಡನ್ ಮೇಜಿಗೆ ಬಂದಿದೆ. ಇಂಥ ಪದಗಳು ಬಂದ ದಾರಿಯಲ್ಲೇ ಒಬ್ಬ ಮನುಷ್ಯನೂ ಬಂದ. ಅವನೇ ಬಿಜಾಪುರದ ಆದಿಲ್‌ಶಾಹಿ ರಾಜ್ಯವನ್ನು ಕಟ್ಟಿದ ಯೂಸುಫ್ ಆದಿಲ್ ಖಾನ್.

ಯೂಸುಫ್ ಯಾರ ಮಗ? ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫಿರಿಸ್ತಾ ಪ್ರಕಾರ ಅವನು ತುರ್ಕಿ ಸುಲ್ತಾನ ಎರಡನೇ ಮುರಾದ್‌ನ ಮಗ. 1451ರಲ್ಲಿ ಮುರಾದ್ ತೀರಿಕೊಂಡಾಗ ಪಟ್ಟಕ್ಕೆ ಬಂದ ಅಣ್ಣ ತಮ್ಮಂದಿರನ್ನು ಉಳಿಸುವುದಿಲ್ಲ ಅಂತ ತಾಯಿಗೆ ಭಯ. ಗುಲಾಮರ ಹುಡುಗನೊಬ್ಬನನ್ನು ಮಗನ ಜಾಗದಲ್ಲಿಟ್ಟು, ಮಗನನ್ನು ಪರ್ಷಿಯಾದ ಸಾವಾ ಊರಿನ ವ್ಯಾಪಾರಿಯ ಕೈಗೆ ಒಪ್ಪಿಸಿದಳಂತೆ. ಫಿರಿಸ್ತಾ ಇದನ್ನು ಬರೆದದ್ದು ಯೂಸುಫ್ ಸತ್ತು ಸುಮಾರು ನೂರು ವರ್ಷದ ಮೇಲೆ, ಅದೂ ಅದೇ ವಂಶದ ಅನ್ನ ಉಂಡು. ಹಾಗಾಗಿ ಬಹಳ ಜನ ಇತಿಹಾಸಕಾರರು ಇದನ್ನು ನಂಬಲ್ಲ. ಅವನು ಸಾವಾ ಕಡೆಯ ತುರ್ಕಮಾನ್ ಮನೆತನದವನಿರಬೇಕು ಅನ್ನೋರೂ ಇದ್ದಾರೆ.

1460ರ ಸುಮಾರಿಗೆ ಹುಡುಗ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದ. ಅಲ್ಲಿಂದ ಬೀದರ್. ಬಹಮನಿ ಮಂತ್ರಿ ಮಹಮೂದ್ ಗವಾನ್‌ನ ಆಸರೆ ಸಿಕ್ಕಿತು. ಕುದುರೆ ಲಾಯದ ಉಸ್ತುವಾರಿಯಿಂದ ಮೇಲೆ ಬಂದು ಸರದಾರನಾದ. 'ಖಾನ್' ಅನ್ನುವುದು ಮಧ್ಯ ಏಷ್ಯಾದ ತುರ್ಕರು, ಮಂಗೋಲರು ಬಳಸುತ್ತಿದ್ದ ಬಿರುದು. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಗವಾನ್‌ನನ್ನೇ ಕೊಲ್ಲಿಸಿದ. ರಾಜ್ಯ ಬಿರುಕು ಬಿಟ್ಟಿತು. ಯೂಸುಫ್ ಬಿಜಾಪುರಕ್ಕೆ ಹೋಗಿ 1490ರ ಹೊತ್ತಿಗೆ ಸ್ವತಂತ್ರನಾದ.

ಅವನು ಮದುವೆಯಾದದ್ದು ಮರಾಠಾ ಹೆಣ್ಣನ್ನು. ಮದುವೆ ನಂತರ ಆಕೆ ಬೂಬೂಜಿ ಖಾನಂ. ಆ 'ಖಾನಂ' ಕೂಡ ತುರ್ಕಿಯದೇ. ಹೆಣ್ಣು ಈ ನೆಲದವಳು, ಹೆಸರು ಆ ನೆಲದ್ದು.

1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೇ ತಿಂಗಳಲ್ಲಿ ಯೂಸುಫ್‌ನ ಸೈನ್ಯ ಅದನ್ನು ವಾಪಸ್ ಪಡೆಯಿತು. ಅದೇ ವರ್ಷ ಅವನು ತೀರಿಕೊಂಡ. ನವೆಂಬರ್‌ನಲ್ಲಿ ಗೋವಾ ಮತ್ತೆ ಕೈಬಿಟ್ಟಿತು. ಅವನ ಗೋರಿ ಇರುವುದು ಇಸ್ತಾಂಬುಲ್‌ನಲ್ಲೂ ಅಲ್ಲ, ಸಾವಾದಲ್ಲೂ ಅಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ.

ಮೊಮ್ಮಗ ಒಂದನೇ ಇಬ್ರಾಹಿಂ ಲೆಕ್ಕಪತ್ರವನ್ನು ಪಾರಸಿ ಬಿಡಿಸಿ ಇಲ್ಲಿನ ಭಾಷೆಗೆ ತಂದು, ಬ್ರಾಹ್ಮಣ ಗುಮಾಸ್ತರ ಕೈಗೆ ಕೊಟ್ಟ. ಭಾಷೆ ಬದಲಾದರೂ ಕಚೇರಿಯ ಪದಗಳು ಹೋಗಲಿಲ್ಲ. 'ಖಜಾನೆ' ಅರಬ್ಬಿ, ಅದಕ್ಕೆ ಅಂಟಿದ 'ಚಿ' ತುರ್ಕಿ ಪ್ರತ್ಯಯ. ಎರಡೂ ಸೇರಿ ನಮ್ಮ ಕಾಲೇಜು ಸಂಘದ 'ಖಜಾಂಚಿ'. ಬೆಂಕಿ ಕಿಡಿ ಹೊಡೆಯುವ ಕಲ್ಲಿನ ತುರ್ಕಿ ಹೆಸರಿನಿಂದ ಬಂದದ್ದು 'ಚಕಮಕಿ'. ನಾವೀಗ ಕ್ಯಾಂಟೀನ್‌ನಲ್ಲಿ ಮಾಡೋದು ಮಾತಿನ ಚಕಮಕಿ. ಮಾವಿನ ತೋಪು ಬೇರೆ, ಸಿಡಿಯುವ 'ತೋಪು' ಬೇರೆ. ಎರಡನೆಯದು ತುರ್ಕಿ. ಬಿಜಾಪುರದ ಕೋಟೆ ಮೇಲಿರುವ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರು ಮಹಮ್ಮದ್ ಬಿನ್ ಹಸನ್ ರೂಮಿ. 'ರೂಮಿ' ಅಂದರೆ ತುರ್ಕಿ ಸೀಮೆಯವನು. ನಮ್ಮ ಮೆಕ್ಯಾನಿಕಲ್‌ನವರ ಹಳೇ ಸೀನಿಯರ್ ಅನ್ನಿ!

ಇದೆಲ್ಲ ಬಿಜಾಪುರದ ಕಥೆ, ರಾಜಾಜಿನಗರದಲ್ಲಿ ಕೂತ ನಮಗೇನು ಅಂತೀರಾ? 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರು ಗೆದ್ದ. ಕೆಂಪೇಗೌಡರ ವಂಶದವರು ಮಾಗಡಿಗೆ ಸರಿದರು. ನಾವು ದಿನಾ ಬಸ್ಸಿಗೆ ಕಾಯೋದು ಆ ಮಾಗಡಿಯ ರಸ್ತೆಯಲ್ಲೇ.

ನಮ್ಮ ಸಂಘದಲ್ಲಿ ಪ್ರತಿ ನವೆಂಬರ್‌ಗೆ ಒಂದು ವಾದ ಏಳುತ್ತೆ, ಹೊರಗಿನ ಪದ ತೆಗೆದುಹಾಕಬೇಕು ಅಂತ. ಈ ಸಲ ವಾದಕ್ಕೆ ಮೊದಲು ಯೂಸುಫ್‌ನನ್ನು ನೆನೆಯೋಣ. ಹುಟ್ಟಿದ ಮನೆ ಯಾವುದು ಅಂತ ಇವತ್ತಿಗೂ ಜಗಳವಿದೆ. ಮಣ್ಣಾದ ಊರು ಯಾವುದು ಅನ್ನೋದರಲ್ಲಿ ಇಲ್ಲ. ಮುಚ್ಚಳಿಕೆಗೂ ಅದೇ ಲೆಕ್ಕ. ಅದನ್ನು ಹೊರಗೆ ಹಾಕ್ತೀವಿ ಅನ್ನೋರು, ಹಾಸ್ಟೆಲ್‌ನಲ್ಲಿ ಬರೆದುಕೊಟ್ಟದ್ದಕ್ಕೆ ಮೊದಲು ಬೇರೆ ಹೆಸರು ಹುಡುಕಲಿ.