ಮಣ್ಣಿನಲ್ಲಿ ಮದ್ದನ್ನು ಕಂಡವರು: ಡಾ. ಎಂ. ಜೆ. ತಿರುಮಲಾಚಾರ್

ರಾಜ್ಯೋತ್ಸವದ ದಿನ ನಾವು ಕವಿಗಳನ್ನೂ ಅರಸರನ್ನೂ ತಪ್ಪದೆ ನೆನೆಯುತ್ತೇವೆ. ನಮ್ಮಂತೆಯೇ ನಾಡು ಬಿಟ್ಟು ಬಂದು, ಬಂದೆಡೆಯ ಹಿಡಿ ಮಣ್ಣಿನಿಂದ ಔಷಧವನ್ನು ತೆಗೆದು ಲೋಕಕ್ಕೆ ಕೊಟ್ಟ ವಿಜ್ಞಾನಿಯೊಬ್ಬರನ್ನು ನೆನೆಯುವ ಮನೆಗಳು ಮಾತ್ರ ವಿರಳ. ವಿಜ್ಞಾನಿಗಳ ವಲಯದಲ್ಲಿ ಹೆಸರುವಾಸಿಯಾದ ಡಾ. ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಅವರೇ ಆ ಮಹನೀಯರು.

1914ನೆಯ ಸೆಪ್ಟೆಂಬರ್ 22ರಂದು ಜನಿಸಿದ ಅವರು ಮೊದಲು ವೈದ್ಯರೂ ಅಲ್ಲ, ರಸಾಯನಶಾಸ್ತ್ರಜ್ಞರೂ ಅಲ್ಲ, ಸಸ್ಯಶಾಸ್ತ್ರದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಅವರ ಲಕ್ಷ್ಯವೆಲ್ಲ ಪೈರಿಗೆ ತಗಲುವ ತುಕ್ಕು ರೋಗ, ಕಾಡಿಗೆ ರೋಗಗಳ ಮೇಲೆ. ಇವುಗಳಿಗೆ ಕಾರಣ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರಗಳು. ಕಾರ್ಕಳದ ಕಡೆಯ ಊರೊಂದರ ಹೆಸರನ್ನು ಹೊತ್ತ ಡಾ. ಬಿ. ಬಿ. ಮುಂಡ್ಕೂರರು ಆಗ ದೆಹಲಿಯಲ್ಲಿ, ನಮ್ಮ ಚಾಣಕ್ಯಪುರಿಗೆ ಅಷ್ಟೇನೂ ದೂರವಲ್ಲದ ಪೂಸಾ ಕೃಷಿ ಸಂಶೋಧನಾಲಯದಲ್ಲಿ ಇದೇ ವಿಷಯದ ಹಿರಿಯ ವಿದ್ವಾಂಸರು. 1944ರಲ್ಲಿ ತಿರುಮಲಾಚಾರರು ಹೊಸದೊಂದು ಶಿಲೀಂಧ್ರ ಕುಲವನ್ನು ಗುರುತಿಸಿ, ಅದಕ್ಕೆ ಮುಂಡ್ಕೂರೆಲ್ಲ ಎಂದು ಆ ಹಿರಿಯರ ಹೆಸರನ್ನೇ ಇಟ್ಟರು. ಇಬ್ಬರೂ ಕೂಡಿ ಬರೆದ, ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಗ್ರಂಥವು 1952ರಲ್ಲಿ ಇಂಗ್ಲೆಂಡಿನ ಕ್ಯೂನಲ್ಲಿ ಪ್ರಕಟವಾಯಿತು. ಮುಂಡ್ಕೂರರು ತೀರಿಕೊಂಡದ್ದೂ ಅದೇ ವರ್ಷ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನೆ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ, ಹೀಗೆ ಸಾಗಿದ ಅವರ ದಾರಿ ಪುಣೆಯ ಬಳಿಯ ಪಿಂಪ್ರಿಗೆ ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಅಲ್ಲಿ ಸ್ಥಾಪಿತವಾದ ಸರಕಾರಿ ಕಾರ್ಖಾನೆ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1955ರಿಂದ ಪೆನಿಸಿಲಿನ್ ತಯಾರಿಸತೊಡಗಿತ್ತು. ಅದರ ಸಂಶೋಧನಾ ವಿಭಾಗದ ಹೊಣೆ ತಿರುಮಲಾಚಾರರ ಹೆಗಲಿಗೆ ಬಂದಿತು.

ಅಲ್ಲೊಂದು ತೊಡಕಿತ್ತು. ಪೆನಿಸಿಲಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಯೇ ಹೊರತು ಶಿಲೀಂಧ್ರಗಳ ಮೇಲೆ ಅದರ ಆಟ ಸಾಗದು. ಮಿಗಿಲಾಗಿ, ಇಂಥ ಮದ್ದನ್ನು ಬಹುಕಾಲ ಸೇವಿಸಿದವರ ದೇಹದಲ್ಲಿ ಎದುರಾಳಿ ಇಲ್ಲದ ಶಿಲೀಂಧ್ರವು ಹಬ್ಬುವುದುಂಟು. ಬಾಯೊಳಗೆ ಕೆನೆಯಂತೆ ಬಿಳಿಯ ಪದರ ಕಟ್ಟುವ ರೋಗ ಅಂಥದು. ಗಿಡಗಳ ಶಿಲೀಂಧ್ರವನ್ನು ಬಲ್ಲವರಿಗೆ ಮನುಷ್ಯರ ಶಿಲೀಂಧ್ರವೂ ಹೊಸತಾಗಲಿಲ್ಲ. ಅವರೂ ಸಹೋದ್ಯೋಗಿಗಳೂ ಪಿಂಪ್ರಿಯ ಮಣ್ಣನ್ನೇ ಶೋಧಿಸಿ, ಅದರೊಳಗಿನ ಸೂಕ್ಷ್ಮಜೀವಿಯೊಂದರಿಂದ ತೆಗೆದ ಹೊಸ ಮದ್ದನ್ನು 1961ರಲ್ಲಿ ಪ್ರಕಟಿಸಿದರು. ಅದೇ ಹ್ಯಾಮೈಸಿನ್. ಶಿಲೀಂಧ್ರಗಳ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು, ಪೊರೆಯನ್ನು ಸೋರುವಂತೆ ಮಾಡಿ ಅವುಗಳನ್ನು ಕೊಲ್ಲುವುದು ಅದರ ಬಗೆ. ಹಿಂದೆಯೇ ಚರ್ಮದ ಶಿಲೀಂಧ್ರಗಳಿಗೆ ಡರ್ಮೋಸ್ಟಾಟಿನ್, 1964ರಲ್ಲಿ ಬೆಳೆಗಳ ರಕ್ಷಣೆಗೆ ಆರಿಯೋಫಂಜಿನ್ ಬಂದವು. ರೈತನ ಗದ್ದೆಯಿಂದ ಹೊರಟ ವಿದ್ಯೆ ರೋಗಿಯ ಹಾಸಿಗೆಯವರೆಗೆ ಹೋಗಿ, ಮರಳಿ ಗದ್ದೆಗೇ ಬಂದಿತ್ತು. ಸಸ್ಯಶಾಸ್ತ್ರಜ್ಞರಾದ ಅವರಿಗೆ 1967ರ ಭಾಟ್ನಾಗರ್ ಪ್ರಶಸ್ತಿ ಸಂದದ್ದು ವೈದ್ಯಕೀಯ ವಿಜ್ಞಾನಕ್ಕೆ.

1968ರಲ್ಲಿ ಅವರು ಪ್ರಕಟಿಸಿದ ಆಂಟಿಅಮೀಬಿನ್ ಇನ್ನೊಂದು ಬಗೆಯ ಸೋಜಿಗ. ಆಮಶಂಕೆಗೆ ಕಾರಣವಾಗುವ ಅಮೀಬಗಳನ್ನೂ ಜಂತುಗಳನ್ನೂ ಎದುರಿಸಬಲ್ಲ ಈ ವಸ್ತು ಹದಿನಾರು ಕೊಂಡಿಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ನಮ್ಮ ದೇಹದ ಪ್ರೋಟೀನುಗಳಲ್ಲಿ ಕಾಣದ ಅಮೈನೋ ಆಮ್ಲಗಳೂ ಅದರಲ್ಲಿವೆ. ಇದು ಜೀವಕೋಶದ ಪೊರೆಯಲ್ಲಿ ದಾರಿ ಕೊರೆಯುವ ಬಗೆಯನ್ನು ತಿಳಿಯಲು ಮುಂದಿನ ಪೀಳಿಗೆಯವರು ವರ್ಷಗಟ್ಟಲೆ ದುಡಿದರು. 1998ರಲ್ಲಿ ಅದರ ಹರಳಿನ ರಚನೆಯನ್ನು ಬಿಡಿಸಿದವರಲ್ಲಿ ವಾಷಿಂಗ್ಟನ್ನಿನ ಇಸಬೆಲ್ಲ ಕಾರ್ಲ್ ಅವರ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರೊ. ಪಿ. ಬಲರಾಮ್ ಅವರೂ ಇದ್ದರು. ಬೆಂಗಳೂರಿನಿಂದ ಹೊರಟವರ ಕೆಲಸ ಮೂವತ್ತು ವರ್ಷಗಳ ಮೇಲೆ ಬೆಂಗಳೂರಿನಲ್ಲೇ ಬೆಳಕು ಕಂಡಿತು.

ಕೊನೆಯ ಕಾಲದಲ್ಲಿ ಅವರು ಕ್ಯಾಲಿಫೋರ್ನಿಯದಲ್ಲಿ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟುವುದರಲ್ಲಿ ಪಾಲ್ಗೊಂಡರು. 1999ರ ಏಪ್ರಿಲ್ 21ರಂದು ಕಾಲವಾದರು.

ಹ್ಯಾಮೈಸಿನ್ ಎಂಬುದರ ಮೊದಲ ಅಕ್ಷರಗಳು ಕಾರ್ಖಾನೆಯ ಹೆಸರಿನವು. ಅದನ್ನು ಕೊಟ್ಟ ಜೀವಿಗೆ ಇಟ್ಟ ಪಿಂಪ್ರಿನ ಎಂಬ ಹೆಸರು ಆ ಊರಿನದು. ಅನ್ನವಿತ್ತ ನೆಲದ ಹೆಸರನ್ನು ಲೋಕದ ಪುಸ್ತಕಗಳಲ್ಲಿ ಬರೆಸಿದ ಇವರು ತಮ್ಮ ಹೆಸರನ್ನು ಮುಂದಿಡಲಿಲ್ಲ. ಪರಸ್ಥಳದಲ್ಲಿ ಬಾಳುವ ನಾವು ನಾಡಿನ ಋಣವನ್ನೂ ನೆಲದ ಋಣವನ್ನೂ ಒಟ್ಟಿಗೆ ತೀರಿಸುವುದು ಹೇಗೆಂದು ಚಿಂತಿಸುವುದುಂಟು. ಉತ್ತರ ಇವರ ಬಾಳಿನಲ್ಲಿದೆ. ಪೆನಿಸಿಲಿನ್ ಕಂಡ ಫ್ಲೆಮಿಂಗರ ಹೆಸರನ್ನು ಬಾಯಿಪಾಠ ಮಾಡುವ ನಮ್ಮ ಮಕ್ಕಳು ತಿರುಮಲಾಚಾರರ ಹೆಸರನ್ನೂ ಕಲಿಯಲಿ. ಕಲಿಸಬೇಕಾದವರು ನಾವೇ.