ಮರೆವಿನ ಮೂಲವನ್ನು ಅರಸಿದ ವೈದ್ಯ

ಮುಪ್ಪಿನ ಮರೆವು ಸಹಜವೆಂದೇ ಜನರು ಬಹುಕಾಲ ನಂಬಿದ್ದರು. ಅದರ ಹಿಂದೆ ರೋಗವೂ ಅಡಗಿರಬಹುದೆಂಬ ಅರಿವಿಗೆ ದಾರಿ ತೆರೆದವರು ಆಲೋಯಿಸ್ ಆಲ್ಝೈಮರ್. ಅವರು 1864ರ ಜೂನ್ 14ರಂದು ಜರ್ಮನಿಯ ಮಾರ್ಕ್ಟ್‌ಬ್ರೈಟ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯಪದವಿ ಪಡೆದು, 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯವನ್ನು ಸೇರಿದರು.

1901ರಲ್ಲಿ ಆಗುಸ್ಟೆ ಎಂಬ ಗೃಹಿಣಿಯನ್ನು ಅಲ್ಲಿಗೆ ಕರೆತಂದರು. ಆಕೆಗೆ ಆಗ ಕೇವಲ 51 ವರ್ಷ. ತೋರಿಸಿದ ವಸ್ತುವನ್ನು ಸರಿಯಾಗಿ ಹೆಸರಿಸಿದರೂ ಸ್ವಲ್ಪ ಹೊತ್ತಿನಲ್ಲೇ ಅದನ್ನು ಮರೆಯುತ್ತಿದ್ದರು. ತಮ್ಮ ಹೆಸರನ್ನು ಬರೆಯಲೂ ತಡವರಿಸುತ್ತಿದ್ದರು. ಆಲ್ಝೈಮರರು ಬೇಸರಿಸದೆ ಮತ್ತೆ ಮತ್ತೆ ಪ್ರಶ್ನಿಸಿ, ಆಕೆಯ ಉತ್ತರಗಳನ್ನೆಲ್ಲ ಬರೆದಿಟ್ಟರು.

1906ರಲ್ಲಿ ಆಗುಸ್ಟೆ ತೀರಿಕೊಂಡರು. ಆ ವೇಳೆಗೆ ಮ್ಯೂನಿಕ್‌ನಲ್ಲಿದ್ದ ಆಲ್ಝೈಮರರು ಆಕೆಯ ಮೆದುಳನ್ನು ತರಿಸಿ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ನರಕೋಶಗಳೊಳಗೆ ಎಳೆಗಳು ಸಿಕ್ಕುಗಟ್ಟಿದ್ದವು. ಕೋಶಗಳ ನಡುವೆ ವಿಲಕ್ಷಣ ಪದಾರ್ಥವೊಂದು ಶೇಖರಗೊಂಡಿತ್ತು. ಅದೇ ವರ್ಷ ಟ್ಯೂಬಿಂಗೆನ್‌ನ ವೈದ್ಯಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದರೂ 1910ರಲ್ಲಿ ಮನೋವೈದ್ಯ ಕ್ರೆಪೆಲಿನ್ ಈ ವ್ಯಾಧಿಗೆ ಅವರ ಹೆಸರನ್ನೇ ಇಟ್ಟರು. 1915ರಲ್ಲಿ, 51ನೆಯ ವಯಸ್ಸಿನಲ್ಲಿ, ಆಲ್ಝೈಮರರು ನಿಧನರಾದರು.

ವೃದ್ಧರ ತೀವ್ರ ಮರೆವಿಗೂ ಬಹುಪಾಲು ಇದೇ ರೋಗ ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ಆಯುಷ್ಯ ಹೆಚ್ಚಿದಂತೆ ರೋಗಿಗಳ ಸಂಖ್ಯೆಯೂ ಹೆಚ್ಚುತ್ತಿದೆ. 2021ರಲ್ಲಿ ಜಗತ್ತಿನ ಸುಮಾರು 5 ಕೋಟಿ 70 ಲಕ್ಷ ಜನರಿಗೆ ಬುದ್ಧಿಶಕ್ತಿಯನ್ನು ಕುಂದಿಸುವ ಮರೆವಿನ ಕಾಯಿಲೆಗಳಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವುಗಳಲ್ಲಿ ಆಲ್ಝೈಮರ್ ರೋಗವೇ ಅಧಿಕ. ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಕೇಳಿದ್ದನ್ನೇ ಕೇಳುವ ಹಿರಿಯರನ್ನು ಗದರದೆ, ತಾಳ್ಮೆಯಿಂದ ಮತ್ತೊಮ್ಮೆ ಉತ್ತರಿಸುವುದು ಮಾತ್ರ ಎಲ್ಲರಿಗೂ ಸಾಧ್ಯ.