ಮಂಜೇಶ್ವರದ ಗೋವಿಂದ ಪೈಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ತಮ್ಮ ಬಾಲಿಕೆಯರನ್ನು ನಮ್ಮ ಶಾಲೆಗೆ ಕಳುಹಿಸುವ ಪಾಲಕರಲ್ಲಿ ಅನೇಕರು ಅನ್ಯಧರ್ಮೀಯರು. ಅವರ ಮನಸ್ಸಿನಲ್ಲಿ ಎರಡು ಸಂಶಯಗಳು ಸಹಜವಾಗಿಯೇ ಏಳುವುವು. ಕ್ರಿಸ್ತನನ್ನು ನಂಬದ ಮಗಳಿಗೆ ಸತ್ಯವೇದದ ಅರ್ಥವು ತಿಳಿಯುವುದೇ? ತಿಳಿದುದಾದರೆ ಅವಳು ಮನೆಯ ಧರ್ಮಕ್ಕೆ ಎರವಾಗುವಳೇ? ಇವುಗಳನ್ನು ವಿಚಾರಿಸುವಾಗ ಮಂಜೇಶ್ವರದ ಗೋವಿಂದ ಪೈಗಳ ಜೀವನವು ನಮ್ಮ ನೆನಪಿಗೆ ಬರುವುದು.

ಪೈಗಳು 1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ ಜನಿಸಿದರು. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಆ ಊರು ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವುದು. ಅವರದು ಗೌಡ ಸಾರಸ್ವತ ಬ್ರಾಹ್ಮಣ ಮನೆತನ, ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ತಂದೆಯವರು ತೀರಿಕೊಂಡುದರಿಂದ ಪದವಿಯನ್ನು ಪಡೆಯದೆಯೇ ಊರಿಗೆ ಮರಳಬೇಕಾಯಿತು. ಆದರೆ ಅವರ ವ್ಯಾಸಂಗವು ನಿಲ್ಲಲಿಲ್ಲ. ಮನೆಯಲ್ಲಿಯೇ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿ ಅನೇಕ ಭಾಷೆಗಳನ್ನು ಕಲಿತರು. 1911ರ ಸುಮಾರಿಗೆ ಪ್ರಾಸವನ್ನು ತೊರೆದು ಕವಿತೆಯನ್ನು ಬರೆದರು. 1930ರಲ್ಲಿ ಅವರ ಗಿಳಿವಿಂಡು ಪ್ರಕಟವಾಯಿತು. ಅದೇ ದಶಕದಲ್ಲಿ, ಯೇಸುಸ್ವಾಮಿಯ ಕಡೆಯ ದಿನವನ್ನು ವಸ್ತುವಾಗಿ ಆರಿಸಿಕೊಂಡು, ಗೊಲ್ಗೊಥಾ ಎಂಬ ಖಂಡಕಾವ್ಯವನ್ನು ರಚಿಸಿದರು.

ಆ ದಿನವನ್ನು ಬಣ್ಣಿಸುವುದು ಸುಲಭವಲ್ಲವೆಂಬುದನ್ನು ಸುವಾರ್ತೆಗಳನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಪಿಲಾತನು ಕೈ ತೊಳೆದುದನ್ನು ಮತ್ತಾಯನು ಮಾತ್ರವೇ ಹೇಳುವನು. ಹೆರೋದನ ಬಳಿಗೆ ಕಳುಹಿಸಿದುದು ಲೂಕನಲ್ಲಿ ಮಾತ್ರವೇ, ಪಕ್ಕೆಯನ್ನು ತಿವಿದುದು ಯೋಹಾನನಲ್ಲಿ ಮಾತ್ರವೇ ಇರುವುದು. ಶಿಲುಬೆಯ ಮೇಲಿನ ಏಳು ಮಾತುಗಳು ಯಾವ ಒಂದು ಸುವಾರ್ತೆಯಲ್ಲಿಯೂ ಒಟ್ಟಾಗಿ ಸಿಕ್ಕುವುದಿಲ್ಲ. ನಾಲ್ಕನ್ನೂ ಶ್ರದ್ಧೆಯಿಂದ ಓದದವನಿಗೆ ಆ ಒಂದು ದಿನವು ಪೂರ್ಣವಾಗಿ ಕಾಣದು.

ನಂಬಿಕೆಯಿಲ್ಲದೆ ಸತ್ಯವೇದವು ತೆರೆಯದೆಂದು ವಾದಿಸುವವರೂ ಉಂಟು. ಅವರಿಗೆ ಆಧಾರವಿಲ್ಲದೆ ಇಲ್ಲ. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮನ ಸಂಗತಿಗಳು ಪ್ರಾಕೃತ ಮನುಷ್ಯನಿಗೆ ಗ್ರಹಿಸಲಾಗವೆಂಬ ಅಭಿಪ್ರಾಯವಿರುವುದು. ಆದರೆ ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬನು ದೀಕ್ಷಾಸ್ನಾನಕ್ಕೆ ಮೊದಲೇ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿರುವನು. ಮೊದಲು ನಂಬಿ ಆಮೇಲೆ ಓದೆಂದು ಫಿಲಿಪ್ಪನು ಅವನಿಗೆ ವಿಧಿಸಲಿಲ್ಲ. ಬಳಿಯಲ್ಲಿ ಕುಳಿತು ಅರ್ಥವನ್ನು ತಿಳಿಸಿದನು.

ಅರಿಯುವುದು ಒಂದು, ಶರಣಾಗುವುದು ಇನ್ನೊಂದು ಎಂದು ನಮಗೆ ತೋರುವುದು. ಪೈಗಳು ಕ್ರಿಸ್ತನ ಯಾತನೆಯನ್ನು ಅರಿತರು. ಆದರೆ ಮತಾಂತರವನ್ನು ಹೊಂದಲಿಲ್ಲ. ಬುದ್ಧನ ಅಂತ್ಯವನ್ನು ಕುರಿತು 1946ರಲ್ಲಿ ವೈಶಾಖಿಯನ್ನು ಅದೇ ಗೌರವದಿಂದ ಹೊರತಂದರು. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. 1963ರ ಸೆಪ್ಟೆಂಬರ್ 6ರಂದು ಅವರು ದಿವಂಗತರಾದರು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಿಗೆ ಈ ಮಾತು ಹೊಸತಲ್ಲ. ಇಷ್ಟಲಿಂಗವನ್ನು ಧರಿಸದವರೂ ವಚನಗಳನ್ನು ಓದಿ ಮನಸ್ಸನ್ನು ತಿದ್ದಿಕೊಳ್ಳುವರು. ಅವರಿಗೆ ಅರ್ಥವಾಗದೆಂದು ನಾವು ಹೇಳುವೆವೇ? ಆದುದರಿಂದ ಪಾಲಕರು ಶಂಕಿಸದಿರಲಿ. ನಂಬಿದವರಾದ ನಾವಾದರೋ, ಇತರರ ಶಾಸ್ತ್ರಗಳನ್ನು ಪೈಗಳಷ್ಟು ಶ್ರಮಪಟ್ಟು ಓದಿರುವೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳತಕ್ಕದ್ದು.